ಚಿರತೆಯ ‘ಸಮಸ್ಯಾ ವರ್ತನೆ’: ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಕಾರಣ ಮತ್ತು ಪರಿಹಾರಗಳ ಇತಿಹಾಸ

ಊರಂಚಿನಲ್ಲಿ ಕಾಣಿಸಿಕೊಳ್ಳುವುದು, ನಾಯಿ, ಕುರಿ, ಕರುಗಳನ್ನು ಹೊತ್ತೊಯ್ಯುವುದು, ದಿಕ್ಕು ತಪ್ಪಿ ಮನೆಯೊಳಗೆ ಸೇರಿಕೊಳ್ಳುವುದು, ಅಪರೂಪಕ್ಕೆ ಮನುಷ್ಯರ ಮೇಲೆ ಎರಗುವುದು. ಇವಿಷ್ಟನ್ನೂ ಒಂದೇ ಹೆಸರಿನಡಿ ತಂದು ‘ಚಿರತೆ ಹಾವಳಿ’ ಎನ್ನುವುದು ತುಮಕೂರು ಜಿಲ್ಲೆಯಲ್ಲಿ ರೂಢಿ. ವಾಸ್ತವದಲ್ಲಿ ಇವು ನಾಲ್ಕು ಬೇರೆ ಬೇರೆ ನಡವಳಿಕೆಗಳು. ಒಂದೊಂದಕ್ಕೂ ಅದರದೇ ಕಾರಣವಿದೆ, ಒಂದಕ್ಕೆ ನಾಟುವ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಇಷ್ಟನ್ನು ಅರಿಯಲು ಸರ್ಕಾರಕ್ಕೂ ಸಮಾಜಕ್ಕೂ ನೂರು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು. ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಿ ಹೇಳಿಕೊಳ್ಳುವಂಥ ದಟ್ಟ ಕಾಡಿಲ್ಲ. ಆದರೂ ಚಿರತೆಯಿದೆ, ಅದರೊಡನೆ ಬದುಕುವ ಲಕ್ಷಾಂತರ ಜನರಿದ್ದಾರೆ. 2019ರ ಕೊನೆಯಿಂದ 2020ರ ಆರಂಭದವರೆಗೆ ಇಲ್ಲಿ ನಡೆದ ಸಾವುಗಳು ‘ಚಿರತೆ ಏಕೆ ಹೀಗೆ ಮಾಡುತ್ತದೆ’ ಎಂಬ ಪ್ರಶ್ನೆಯನ್ನು ಇಡೀ ರಾಜ್ಯದ ಮುಂದಿಟ್ಟವು.

ನೆಲದ ಸ್ವರೂಪ

ಈ ಸೀಮೆಯ ಚಿರತೆಯನ್ನು ಅರಿಯಲು ಮೊದಲು ನೆಲವನ್ನು ನೋಡಬೇಕು. ತುಮಕೂರಿನ ಪೂರ್ವಕ್ಕೆ ದೇವರಾಯನದುರ್ಗದ ಬೆಟ್ಟಸಾಲು. ಶಿಂಷಾ ಮತ್ತು ಜಯಮಂಗಲಿ ಹೊಳೆಗಳು ಹುಟ್ಟುವುದು ಅಲ್ಲೇ. ಉತ್ತರಕ್ಕೆ ಕೊರಟಗೆರೆ, ಮಧುಗಿರಿಯ ಬಂಡೆಬೆಟ್ಟಗಳು, ದಕ್ಷಿಣಕ್ಕೆ ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗ, ಹುತ್ರಿದುರ್ಗ, ಅವನ್ನು ದಾಟಿದರೆ ಮಾಗಡಿ ಮತ್ತು ರಾಮನಗರದ ಗುಡ್ಡಗಳು. ಈ ಸಾಲಿನಲ್ಲಿ ಎಲ್ಲೆಡೆ ಕಲ್ಲುಗುಂಡು, ಗವಿ, ಕುರುಚಲು ಕಾಡು. ಹಗಲು ಮರೆಯಾಗಿ ಮಲಗಲು ಚಿರತೆಗೆ ಇಷ್ಟು ಸಾಕು. ಗುಡ್ಡದ ಬುಡದಿಂದಲೇ ಹೊಲ, ತೆಂಗು, ಅಡಿಕೆಯ ತೋಟ ಶುರುವಾಗುತ್ತವೆ. ಹೇಮಾವತಿ ನಾಲೆಯ ನೀರು ಗುಬ್ಬಿ, ತುಮಕೂರು, ಕುಣಿಗಲ್ ಕಡೆಗೆ ಹರಿದ ಮೇಲೆ ನೆರಳುಗಟ್ಟಿದ ತೋಟಗಳು ಗುಡ್ಡಗಳ ನಡುವಿನ ಬಯಲನ್ನೂ ತುಂಬಿದವು. ಬೇಲಿಸಾಲಿನ ಪೊದೆ, ಕೆರೆಯಂಗಳದ ಜಾಲಿ, ದುಡಿಯುವವರು ಬೆಂಗಳೂರಿಗೆ ಹೋದ ಮೇಲೆ ಪಾಳುಬಿದ್ದ ಜಮೀನು, ಎಲ್ಲವೂ ಸೇರಿ ಒಂದು ಗುಡ್ಡದಿಂದ ಇನ್ನೊಂದಕ್ಕೆ ಯಾರ ಕಣ್ಣಿಗೂ ಬೀಳದೆ ನಡೆದುಹೋಗುವ ದಾರಿಯಾದವು.

ಆಹಾರದ ವಿಷಯದಲ್ಲಿ ಚಿರತೆಗೆ ಹಟವಿಲ್ಲ. ಮೊಲ, ನವಿಲು, ಮುಸುವ, ಮುಳ್ಳುಹಂದಿ, ಕಾಡುಹಂದಿ ಸಿಕ್ಕರೆ ಅದೇ ಊಟ, ಇಲ್ಲವಾದರೆ ನಾಯಿ, ಮೇಕೆ, ಕರು. ಕಾಡುಗೊಲ್ಲರ ಹಟ್ಟಿಗಳೂ ಕುರುಬರ ಕುರಿಮಂದೆಗಳೂ ಇರುವ ಜಿಲ್ಲೆ ಇದು. ಮುಳ್ಳಿನ ರೊಪ್ಪ ಕಟ್ಟಿ, ನಾಯಿ ಸಾಕಿ, ರಾತ್ರಿ ಮಂದೆಯ ನಡುವೆಯೇ ಮಲಗುವ ಅವರ ಪದ್ಧತಿಗಳು ಕಾಡುಪ್ರಾಣಿಯ ಭಯದಿಂದಲೇ ರೂಪುಗೊಂಡವು. ಹುಲಿಯೊಡನೆ ಕಾದಾಡಿ ಸತ್ತವರಿಗೆ ನೆಟ್ಟ ವೀರಗಲ್ಲುಗಳು ಕರ್ನಾಟಕದಲ್ಲಿ ಸಿಕ್ಕಿವೆ. ದನಗಾಹಿಗೂ ಮೃಗಕ್ಕೂ ಇರುವ ವೈರಕ್ಕೆ ನಮ್ಮಲ್ಲಿರುವ ಅತಿ ಹಳೆಯ ದಾಖಲೆಗಳಲ್ಲಿ ಅವೂ ಸೇರುತ್ತವೆ.

ಬಹುಮಾನದ ಕಾಲ

ಹತ್ತೊಂಬತ್ತನೆಯ ಶತಮಾನದ ಆಡಳಿತಕ್ಕೆ ಕಾರಣಗಳ ಗೊಡವೆ ಇರಲಿಲ್ಲ. ಚಿರತೆ ಎಂದರೆ ಪೀಡೆ, ಪೀಡೆಯ ತಲೆಗೆ ಇಂತಿಷ್ಟು ಹಣ. ಇತಿಹಾಸಕಾರ ಮಹೇಶ್ ರಂಗರಾಜನ್ ಅವರ ಲೆಕ್ಕದಂತೆ 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ ಭಾರತದಲ್ಲಿ ಬಹುಮಾನಕ್ಕಾಗಿ ಕೊಂದ ಹುಲಿಗಳು 80,000ಕ್ಕೂ ಹೆಚ್ಚು, ಚಿರತೆಗಳು 1,50,000ಕ್ಕೂ ಹೆಚ್ಚು. ಯಾವ ಚಿರತೆ ಏನು ಮಾಡಿತ್ತು ಎಂದು ಕೇಳುವ ಪದ್ಧತಿಯೇ ಇರಲಿಲ್ಲ. ತಪ್ಪು ಮಾಡಿದ ಪ್ರಾಣಿ ಮತ್ತು ಬರಿದೇ ಬದುಕಿದ್ದ ಪ್ರಾಣಿ ಎಂಬ ಭೇದವನ್ನು ಆಡಳಿತ ಮರೆತದ್ದು ಆಗಲೇ. ಆ ಮರೆವು ಇವತ್ತಿಗೂ ಪೂರ್ತಿ ಹೋಗಿಲ್ಲ ಎಂಬುದು ಮುಂದಿನ ಇತಿಹಾಸದಿಂದ ತಿಳಿಯುತ್ತದೆ.

ಬೇಟೆಗಾರರು ಕೊಟ್ಟ ಕಾರಣಗಳು

‘ಏಕೆ’ ಎಂದು ಮೊದಲು ಕೇಳಿದವರು ಕೋವಿ ಹಿಡಿದವರೇ. ಜಿಮ್ ಕಾರ್ಬೆಟ್ 1944ರಲ್ಲಿ ಪ್ರಕಟವಾದ ತನ್ನ ಕುಮಾವೂಂ ನರಭಕ್ಷಕಗಳ ಪುಸ್ತಕದಲ್ಲಿ ಹುಲಿಯ ವಿಷಯಕ್ಕೂ ಚಿರತೆಯ ವಿಷಯಕ್ಕೂ ಬೇರೆ ಬೇರೆ ಕಾರಣ ಕೊಟ್ಟ. ಹುಲಿ ಮನುಷ್ಯನ ಮೇಲೆ ತಿರುಗುವುದು ಗಾಯದಿಂದ, ಮುಪ್ಪಿನಿಂದ. ಚಿರತೆಯದು ಹಾಗಲ್ಲ, ಸಾಂಕ್ರಾಮಿಕ ಬಂದು ಹೆಣ ಸುಡಲೂ ಜನವಿಲ್ಲದಾದಾಗ ಅದು ಮನುಷ್ಯ ಮಾಂಸದ ರುಚಿ ಹಿಡಿಯುತ್ತದೆ ಎಂದ. 125 ಜನರನ್ನು ಕೊಂದು 1926ರಲ್ಲಿ ಗುಂಡಿಗೆ ಬಲಿಯಾದ ರುದ್ರಪ್ರಯಾಗದ ಚಿರತೆಯ ಹಿಂದೆ 1918ರ ಇನ್‌ಫ್ಲುಯೆಂಜಾ ಇತ್ತೆಂಬುದು ಅವನ ವಿವರಣೆ.

ಬೆಂಗಳೂರಿನ ಕೆನೆತ್ ಆಂಡರ್ಸನ್ ನಮ್ಮ ಸೀಮೆಗೆ ಇನ್ನೂ ಹತ್ತಿರದವನು. 1954ರ ಅವನ ಮೊದಲ ಪುಸ್ತಕದಲ್ಲಿ ದೇವರಾಯನದುರ್ಗದ ಒಂಟಿ ಹುಲಿಯ ಕಥೆಗೆ ಒಂದು ಅಧ್ಯಾಯವೇ ಇದೆ. ಕರ್ನಾಟಕದ ಗಡಿಯಾಚೆಗಿನ ಗುಮ್ಮಳಾಪುರದಲ್ಲಿ 42 ಜನರನ್ನು ಕೊಂದ ಚಿರತೆಯ ಪಾದದೊಳಗೆ ಮುಳ್ಳುಹಂದಿಯ ಮುಳ್ಳು ಮುರಿದು ಉಳಿದಿದ್ದುದನ್ನು ಅವನು ಬರೆದಿದ್ದಾನೆ. ಪೂರ್ಣಚಂದ್ರ ತೇಜಸ್ವಿ ‘ಕಾಡಿನ ಕಥೆಗಳು’ ಮಾಲೆಯಲ್ಲಿ ಆಂಡರ್ಸನ್‌ನನ್ನು ಕನ್ನಡಕ್ಕೆ ತಂದರು. ಅದರ ಒಂದು ಸಂಪುಟದ ಹೆಸರು ‘ಮುನಿಶಾಮಿ ಮತ್ತು ಮಾಗಡಿ ಚಿರತೆ’. ಮಾಗಡಿ ಎಂದರೆ ಕುಣಿಗಲ್‌ಗೆ ಅಂಟಿಕೊಂಡ ತಾಲ್ಲೂಕು. ಕಾಡುಪ್ರಾಣಿಯ ನಡವಳಿಕೆಗೆ ಒಂದು ಕಾರಣ ಇದ್ದೇ ಇರುತ್ತದೆ ಎಂಬ ತಿಳಿವು ಕನ್ನಡದ ಸಾಮಾನ್ಯ ಓದುಗರಿಗೆ ಹೆಚ್ಚಾಗಿ ಬಂದದ್ದು ಈ ಪುಸ್ತಕಗಳಿಂದ.

ಈ ವಿವರಣೆಗಳಿಗೆ ಒಂದು ಮಿತಿ ಇತ್ತು. ಬೇಟೆಗಾರ ಕಾರಣ ಹುಡುಕುತ್ತಿದ್ದುದು ಸತ್ತ ಪ್ರಾಣಿಯ ದೇಹದಲ್ಲಿ. ಮುರಿದ ಹಲ್ಲು, ಹಳೆಯ ಗುಂಡು, ಕೀವುಗಟ್ಟಿದ ಪಾದ ಸಿಕ್ಕರೆ ಕಥೆ ಮುಗಿಯಿತು. ಅದೇ ಊರಿನ ಸುತ್ತ ವರ್ಷಗಟ್ಟಲೆ ಯಾರನ್ನೂ ಮುಟ್ಟದೆ ಬದುಕಿದ ಹತ್ತಾರು ಚಿರತೆಗಳು ಆ ಕಥೆಗಳಲ್ಲಿ ಬರುವುದಿಲ್ಲ. ಆರೋಗ್ಯವಂತ ಪ್ರಾಣಿಯೂ ಮನುಷ್ಯರ ಮೇಲೆ ಎರಗಿದ ಸಂದರ್ಭಗಳಿಗೆ ಆ ವಿವರಣೆಯಲ್ಲಿ ಉತ್ತರವಿರಲಿಲ್ಲ.

ಕಾನೂನು, ಬೋನು, ಸ್ಥಳಾಂತರ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೋವಿಯನ್ನು ಕೆಳಗಿಳಿಸಿತು. ಮೊದಲ ಅನುಸೂಚಿಯಲ್ಲಿರುವ ಚಿರತೆಯನ್ನು ಕೊಲ್ಲಬೇಕಾದರೆ ಅದು ಮನುಷ್ಯರ ಜೀವಕ್ಕೆ ಅಪಾಯಕಾರಿ, ಅಥವಾ ಗುಣವಾಗದಷ್ಟು ಅಂಗವಿಕಲ ಇಲ್ಲವೇ ರೋಗಿ ಎಂದು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಮನದಟ್ಟಾಗಿ, ಅವರು ಕಾರಣ ಬರೆದು ಆದೇಶ ಹೊರಡಿಸಬೇಕು. 2003ರ ತಿದ್ದುಪಡಿ ಇನ್ನೊಂದು ಮೆಟ್ಟಿಲು ಸೇರಿಸಿತು: ಹಿಡಿಯಲು, ಅರಿವಳಿಕೆ ಕೊಡಲು, ಬೇರೆಡೆಗೆ ಸಾಗಿಸಲು ಸಾಧ್ಯವಿಲ್ಲ ಎಂದಾದ ಮೇಲಷ್ಟೇ ಕೊಲ್ಲಬಹುದು.

ಕೋವಿಯ ಜಾಗಕ್ಕೆ ಬೋನು ಬಂತು. ನಾಯಿಯನ್ನೋ ಮೇಕೆಯನ್ನೋ ಒಳಗೆ ಕಟ್ಟಿದ ಕಬ್ಬಿಣದ ಬೋನನ್ನು ತೋಟದ ಅಂಚಿನಲ್ಲಿಡುವುದು, ಬಿದ್ದ ಚಿರತೆಯನ್ನು ಲಾರಿಯಲ್ಲಿ ಸಾಗಿಸಿ ದೂರದ ಕಾಡಿಗೆ ಬಿಡುವುದು. ಊರಿನವರಿಗೆ ಸಮಾಧಾನ, ಅಧಿಕಾರಿಗೆ ನಿರಾಳ, ಪ್ರಾಣಿಗೂ ಜೀವದಾನ. ಎಲ್ಲರಿಗೂ ಒಪ್ಪಿಗೆಯಾಗುವ ಈ ಪರಿಹಾರವೇ ಸಮಸ್ಯೆಯನ್ನು ಬೆಳೆಸಬಲ್ಲದು ಎಂದು ತೋರಿಸಿದ್ದು ಮಹಾರಾಷ್ಟ್ರದ ಜುನ್ನರ್. ವಿದ್ಯಾ ಆತ್ರೇಯ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಲ್ಲಿ 29 ಚಿರತೆಗಳನ್ನು ಹಿಡಿದು ಸರಾಸರಿ 39.5 ಕಿಲೋಮೀಟರ್ ದೂರದಲ್ಲಿ ಬಿಡಲಾಗಿತ್ತು. ಅದಕ್ಕೆ ಮೊದಲು ವರ್ಷಕ್ಕೆ ಸರಾಸರಿ 4 ಇದ್ದ ಮನುಷ್ಯರ ಮೇಲಿನ ದಾಳಿ ಆಮೇಲೆ 17ಕ್ಕೆ ಏರಿತು.

ಕಾರಣ ಪ್ರಾಣಿಯ ಬದುಕಿನ ರೀತಿಯಲ್ಲಿದೆ. ಚಿರತೆ ಒಂಟಿಯಾಗಿ ಬಾಳುವ, ತನ್ನದೊಂದು ಸರಹದ್ದು ಕಟ್ಟಿಕೊಳ್ಳುವ ಪ್ರಾಣಿ. ಯಾವ ಮನೆಯಲ್ಲಿ ಎಷ್ಟು ಹೊತ್ತಿಗೆ ದೀಪ ಆರುತ್ತದೆ, ಯಾವ ಓಣಿಯಲ್ಲಿ ನಾಯಿ ಮಲಗುತ್ತದೆ, ಯಾರ ಕಣ್ಣಿಗೂ ಬೀಳದೆ ನೀರಿಗೆ ಹೋಗುವ ದಾರಿ ಯಾವುದು ಎಂಬುದೆಲ್ಲ ತನ್ನ ಸರಹದ್ದಿನಲ್ಲಿ ಅದಕ್ಕೆ ಗೊತ್ತು. ಮನುಷ್ಯರನ್ನು ತಪ್ಪಿಸಿಕೊಂಡು ಬದುಕುವುದಕ್ಕೆ ಆ ತಿಳಿವಳಿಕೆಯೇ ಬಂಡವಾಳ. ಬೋನಿನಲ್ಲಿ ಹಲ್ಲು, ಉಗುರು ಮುರಿದುಕೊಂಡು, ಗಾಬರಿಗೊಂಡು, ಗೊತ್ತಿಲ್ಲದ ಕಾಡಿನಲ್ಲಿ ಇಳಿದ ಚಿರತೆಗೆ ಅದೊಂದೂ ಉಳಿಯುವುದಿಲ್ಲ. ಅಲ್ಲಿನ ಹಳೆಯ ಚಿರತೆ ಅದನ್ನು ನಿಲ್ಲಗೊಡುವುದಿಲ್ಲ. ಅದು ತನ್ನೂರಿನ ಕಡೆಗೆ ಹೊರಡುತ್ತದೆ, ದಾರಿಯಲ್ಲಿ ಸಿಗುವ ಊರುಗಳು ಅದಕ್ಕೆ ಹೊಸವು. 2009ರಲ್ಲಿ ರೇಡಿಯೊ ಕಾಲರ್ ತೊಡಿಸಿ ಮಾಳಶೇಜ್ ಘಾಟಿನಲ್ಲಿ ಬಿಟ್ಟ ‘ಅಜೋಬಾ’ ಎಂಬ ಗಂಡು ಚಿರತೆ ಸುಮಾರು 120 ಕಿಲೋಮೀಟರ್ ನಡೆದು ಮುಂಬಯಿ ಸೇರಿತು. ಇತ್ತ ಖಾಲಿಯಾದ ಸರಹದ್ದಿಗೆ ಇನ್ನೊಂದು ಚಿರತೆ ಬಂದು ಸೇರುತ್ತದೆ. ಅದು ತಾಯಿಯಿಂದ ಆಗಷ್ಟೇ ಬೇರಾದ, ಬೇಟೆಯಲ್ಲಿ ಇನ್ನೂ ಪಳಗದ ಎಳೆಯ ಪ್ರಾಣಿಯೂ ಆಗಿರಬಹುದು. ಒಂದನ್ನು ಹಿಡಿದು ಸಾಗಿಸಿದ ಊರಿನಲ್ಲಿ ಕೆಲವೇ ತಿಂಗಳಿಗೆ ಮತ್ತೆ ‘ಚಿರತೆ ಬಂತು’ ಎಂದು ಕೂಗೆದ್ದರೆ ಅದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ.

ಇದೇ ತಂಡ ಆಗಿನ ಅಹಮದ್‌ನಗರ ಜಿಲ್ಲೆಯ ಅಕೋಲೆ ಕಣಿವೆಯಲ್ಲಿ, ಕಾಡೇ ಇಲ್ಲದ ಕಬ್ಬಿನ ಬಯಲಿನಲ್ಲಿ, 100 ಚದರ ಕಿಲೋಮೀಟರಿಗೆ ಸುಮಾರು 5 ಚಿರತೆಗಳನ್ನು ಲೆಕ್ಕ ಹಾಕಿತು. ಅವುಗಳ ಆಹಾರದ ತೂಕದಲ್ಲಿ ಶೇಕಡಾ 87 ಸಾಕುಪ್ರಾಣಿಗಳದು, ನಾಯಿಯೊಂದರ ಪಾಲೇ ಶೇಕಡಾ 39. ಇಷ್ಟೊಂದು ಚಿರತೆಗಳಿದ್ದ ಆ ಬಯಲಿನಲ್ಲಿ ಅಧ್ಯಯನದ ಅವಧಿಯಲ್ಲಿ ಮನುಷ್ಯರ ಮೇಲೆ ಮಾರಣಾಂತಿಕ ದಾಳಿ ಆಗಿರಲಿಲ್ಲ. ಊರಿನ ಹತ್ತಿರ ಚಿರತೆ ಇರುವುದೇ ಒಂದು ವಿಕಾರ, ದಾರಿ ತಪ್ಪಿ ಬಂದ ಪ್ರಾಣಿ ಅದು ಎಂಬ ನಂಬಿಕೆ ಇದರಿಂದ ಬಿದ್ದುಹೋಯಿತು. ಈ ಅರಿವನ್ನೆಲ್ಲ ಕೂಡಿಸಿ ಕೇಂದ್ರದ ಪರಿಸರ ಸಚಿವಾಲಯ 2011ರ ಏಪ್ರಿಲ್‌ನಲ್ಲಿ ಚಿರತೆ ಸಂಘರ್ಷದ ಮಾರ್ಗಸೂಚಿ ಹೊರಡಿಸಿತು. ಕಂಡ ಮಾತ್ರಕ್ಕೆ ಹಿಡಿಯಬೇಡಿ, ಹಿಡಿದು ದೂರ ಬಿಡುವುದು ಪರಿಹಾರವಲ್ಲ, ಜನಜಂಗುಳಿಯನ್ನು ಮೊದಲು ನಿಯಂತ್ರಿಸಿ ಎಂಬುದು ಅದರ ತಿರುಳು.

ಕರ್ನಾಟಕದ ಅನುಭವ

ಮಾರ್ಗಸೂಚಿ ಬಂದ ಮೇಲೆ ಬೋನುಗಳು ಕಡಿಮೆಯಾಗಬೇಕಿತ್ತು. ಆದದ್ದು ಬೇರೆ. ಗುಬ್ಬಿಯನ್ನು ಹೆಸರಿನಲ್ಲೇ ಇಟ್ಟುಕೊಂಡ ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತು ಅವರ ಸಂಗಡಿಗರು 2009ರಿಂದ 2016ರವರೆಗಿನ ದಾಖಲೆಗಳನ್ನು ಕಲೆಹಾಕಿದಾಗ ರಾಜ್ಯದಲ್ಲಿ ಹಿಡಿದ ಚಿರತೆಗಳ ಸಂಖ್ಯೆ 357 ಎಂದು ಸಿಕ್ಕಿತು. ಹೆಚ್ಚಿನವನ್ನು ಬೇರೆಡೆಗೆ ಸಾಗಿಸಿ ಬಿಡಲಾಗಿತ್ತು. ತಿಂಗಳಿಗೆ ಹಿಡಿಯುವ ಸರಾಸರಿ ಮಾರ್ಗಸೂಚಿಯ ನಂತರ ಸುಮಾರು ಮೂರು ಪಟ್ಟಾಗಿತ್ತು. ಹೆಚ್ಚು ಚಿರತೆ ಹಿಡಿದ ಜಿಲ್ಲೆಗಳಲ್ಲಿ ತುಮಕೂರೂ ಒಂದು. ಅಧಿಕಾರಿಗಳನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ತೋಟದಲ್ಲಿ ಹೆಜ್ಜೆ ಗುರುತು ಕಂಡೊಡನೆ ಊರವರು ಬೋನು ಕೇಳುತ್ತಾರೆ, ಶಾಸಕರು ಫೋನು ಮಾಡುತ್ತಾರೆ. ಬೋನು ಇಡದ ವಲಯ ಅರಣ್ಯಾಧಿಕಾರಿಯ ಕಚೇರಿ ಮುಂದೆ ಮರುದಿನವೇ ಧರಣಿ. ಬೋನು ಇಟ್ಟರೆ ‘ಏನೋ ಮಾಡಿದರು’ ಎಂಬ ಭಾವ ಮೂಡುತ್ತದೆ, ಆಗ ರೊಪ್ಪಕ್ಕೆ ಬಾಗಿಲು ಹಾಕಿಸಲು, ಬೀದಿದೀಪ ಕೇಳಲು ಯಾರೂ ಮುಂದಾಗುವುದಿಲ್ಲ.

ಮನೆಯೊಳಗೆ ನುಗ್ಗುವ ಚಿರತೆಯದು ಬೇರೆಯೇ ಪ್ರಕರಣ. 2018ರ ಜನವರಿಯಲ್ಲಿ ತುಮಕೂರು ನಗರದ ಜಯನಗರದ ಮನೆಯೊಂದಕ್ಕೆ ಚಿರತೆ ಸೇರಿಕೊಂಡಿತು. ಒಳಗಿದ್ದ ಹೆಂಗಸರು ಬಚ್ಚಲಿಗೆ ಹೋಗಿ ಅಗುಳಿ ಹಾಕಿಕೊಂಡು ಪಾರಾದರು. ಗಂಟೆಗಟ್ಟಲೆ ಪ್ರಯತ್ನದ ಬಳಿಕ ಅರಿವಳಿಕೆ ಕೊಟ್ಟು ಅದನ್ನು ಹಿಡಿದರು. ನಾಯಿಯ ಬೆನ್ನಟ್ಟಿಯೋ, ರಾತ್ರಿ ದಾರಿ ತಪ್ಪಿಯೋ ಊರೊಳಗೆ ಬೆಳಗಾದ ಪ್ರಾಣಿ ಮರೆ ಹುಡುಕುತ್ತದೆ. ಬಾಗಿಲು ತೆರೆದ ಮನೆ ಅದಕ್ಕೆ ಗವಿ. ಆಗ ಅದು ಎರಗಿದರೆ ಅದು ಬೇಟೆಯಲ್ಲ, ತಪ್ಪಿಸಿಕೊಳ್ಳುವ ಹೋರಾಟ. 2016ರ ಫೆಬ್ರವರಿ 7ರಂದು ಬೆಂಗಳೂರಿನ ಕುಂದಲಹಳ್ಳಿ ಬಳಿಯ ಶಾಲೆಯೊಂದಕ್ಕೆ ನುಗ್ಗಿದ ಚಿರತೆಯನ್ನು ಹಿಡಿಯುವಾಗ ಸ್ವತಃ ಸಂಜಯ್ ಗುಬ್ಬಿ ಗಾಯಗೊಂಡದ್ದು ಇಂಥದೇ ಹೊತ್ತಿನಲ್ಲಿ. 2021ರಲ್ಲಿ ದಕ್ಷಿಣ ಕನ್ನಡದ ಬಿಳಿನೆಲೆಯಲ್ಲಿ ಒಂದೇ ಶೌಚಾಲಯದೊಳಗೆ ನಾಯಿಯೂ ಚಿರತೆಯೂ ತಾಸುಗಟ್ಟಲೆ ಸಿಕ್ಕಿಕೊಂಡಿದ್ದವು. ಚಿರತೆ ನಾಯಿಯನ್ನು ಮುಟ್ಟಲಿಲ್ಲ. ಹೆದರಿದ ಚಿರತೆಗೆ ಹಸಿವು ನೆನಪಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಇಂಥ ಪ್ರಾಣಿಯ ಸುತ್ತ ಸಾವಿರ ಜನ ಸೇರಿ ಕೂಗಿದರೆ, ಕಲ್ಲೆಸೆದರೆ, ಮೊಬೈಲ್ ಹಿಡಿದು ಹತ್ತಿರ ಹೋದರೆ ಗಾಯಗಳು ಖಂಡಿತ. ಬಾಗಿಲು ಭದ್ರಪಡಿಸಿ, ಜನರನ್ನು ದೂರವಿಟ್ಟು, ಪಶುವೈದ್ಯರ ತಂಡ ಬರುವವರೆಗೆ ಸುಮ್ಮನಿರುವುದು ಅಲ್ಲಿನ ಮದ್ದು. ಬಯಲಿಗೆ ದಾರಿಯಿದ್ದರೆ ಕತ್ತಲಾಗುವವರೆಗೆ ಬಿಟ್ಟುಬಿಟ್ಟರೆ ತಾನಾಗಿಯೇ ಹೋಗುತ್ತದೆ.

2019–20ರ ಸಾವುಗಳು

2019ರ ಅಕ್ಟೋಬರ್‌ನಿಂದ 2020ರ ಫೆಬ್ರವರಿ ಕೊನೆಯವರೆಗೆ ತುಮಕೂರು ತಾಲ್ಲೂಕಿನ ಹೆಬ್ಬೂರು ಹೋಬಳಿ ಮತ್ತು ಅದರ ಆಸುಪಾಸಿನ ಕುಣಿಗಲ್, ಗುಬ್ಬಿ ತಾಲ್ಲೂಕುಗಳ ಹಳ್ಳಿಗಳಲ್ಲಿ ನಡೆದದ್ದು ನಾಲ್ಕನೆಯ ಬಗೆ, ಮನುಷ್ಯರ ಮೇಲೆಯೇ ಎರಗುವುದು. ದನ ಮೇಯಿಸಲು ಹೋದ ವಯಸ್ಸಾದವರು ಸತ್ತರು. ಮನೆಯ ಆಸುಪಾಸಿನಲ್ಲೇ ಇದ್ದ ಚಿಕ್ಕ ಮಕ್ಕಳು ಸತ್ತರು. ಮೂರು ತಾಲ್ಲೂಕುಗಳು ಕೂಡುವ ಆ ಮೂಲೆಯಲ್ಲಿ ಸಂಜೆ ಐದಕ್ಕೆಲ್ಲ ಬಾಗಿಲು ಮುಚ್ಚುವ ಕಾಲ ಬಂತು. ತೋಟಕ್ಕೆ ನೀರು ಹಾಯಿಸಲು ರಾತ್ರಿ ಕರೆಂಟು ಕೊಟ್ಟರೆ ಹೋಗುವುದು ಹೇಗೆಂದು ರೈತರು ಕೇಳಿದರು. ಮಗುವನ್ನು ಕಳೆದುಕೊಂಡ ಮನೆಯ ಮುಂದೆ ನಿಂತು ‘ಚಿರತೆಯೊಡನೆ ಸಹಬಾಳ್ವೆ’ ಎನ್ನುವ ಧೈರ್ಯ ಯಾರಿಗೂ ಬರಬಾರದು. ಆ ದುಃಖವನ್ನು ಪಕ್ಕಕ್ಕಿಟ್ಟು ಬರೆದ ಸಂರಕ್ಷಣೆಯ ಮಾತಿಗೆ ಬೆಲೆಯಿಲ್ಲ.

ಅರಣ್ಯ ಇಲಾಖೆ ಬೋನುಗಳನ್ನಿಟ್ಟಿತು, ಕ್ಯಾಮೆರಾ ಕಟ್ಟಿತು, ಗುಡ್ಡಗಳನ್ನು ಜಾಲಾಡಿತು. ಹಲವು ಚಿರತೆಗಳು ಬೋನಿಗೆ ಬಿದ್ದವು. ಕಷ್ಟವಿದ್ದದ್ದು ಅಲ್ಲೇ: ಬಿದ್ದದ್ದು ಅದೇ ಚಿರತೆಯೇ? ಮೈಮೇಲಿನ ಹೂಚುಕ್ಕೆಗಳ ವಿನ್ಯಾಸ ಚಿರತೆಯಿಂದ ಚಿರತೆಗೆ ಬೇರೆ. ದಾಳಿ ನಡೆದ ಜಾಗದಲ್ಲಿ ಕ್ಯಾಮೆರಾ ಮೊದಲೇ ಇದ್ದು, ಜೊಲ್ಲು, ಕೂದಲಿನ ಮಾದರಿ ತೆಗೆದಿದ್ದರೆ ಗುರುತಿಸಬಹುದು. ಅದಿಲ್ಲದೆ ಸಿಕ್ಕಸಿಕ್ಕದ್ದನ್ನೆಲ್ಲ ಹಿಡಿದರೆ ಮನುಷ್ಯರ ತಂಟೆಗೆ ಬಾರದ ಪ್ರಾಣಿಗಳು ಹೋಗಿ, ಮನುಷ್ಯರ ಮೇಲೆ ಎರಗುವುದೇ ಉಳಿಯಬಹುದು. ಎರಗುವ ಆ ಒಂದು ಪ್ರಾಣಿಯ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಸಲ್ಲದು. ಬೇಗ ಗುರುತಿಸಿ, ಹಿಡಿದು, ಮತ್ತೆಂದೂ ಬಿಡದಿರುವುದು, ಹಿಡಿಯಲಾಗದಿದ್ದರೆ ಕಾನೂನಿನಂತೆ ಕೊಲ್ಲುವುದು ಸರಿಯಾದ ದಾರಿ. ಅದರಿಂದ ಜನರ ಜೀವ ಉಳಿಯುತ್ತದೆ, ಉಳಿದ ಚಿರತೆಗಳ ಮೇಲಿನ ಸಿಟ್ಟೂ ಇಳಿಯುತ್ತದೆ.

ಸತ್ತವರು ಯಾರು ಎಂಬುದರಲ್ಲೂ ಕಾರಣದ ಸುಳಿವಿದೆ. ಒಂಟಿಯಾಗಿ ಬಗ್ಗಿ ಕೆಲಸ ಮಾಡುವ ವೃದ್ಧರು, ಕುಳಿತ ಅಥವಾ ಓಡಾಡುವ ಮಕ್ಕಳು ಎತ್ತರದಲ್ಲಿ ಚಿರತೆಯ ಸಹಜ ಬೇಟೆಗೆ ಹತ್ತಿರ. ಹೊತ್ತು ಮುಳುಗುವ ಸಮಯ, ಹಿತ್ತಲಿಗೆ ತಾಗಿದ ಪೊದೆ, ದೀಪವಿಲ್ಲದ ಓಣಿ, ಮನೆ ಸುತ್ತ ಮಲಗುವ ನಾಯಿಗಳು ಸೇರಿದರೆ ಅಪಾಯ ಕೂಡುತ್ತದೆ. ಇವುಗಳಲ್ಲಿ ಚಿರತೆಯ ಕೈಯಲ್ಲಿರುವುದು ಕಡಿಮೆ. ಪಂಚಾಯಿತಿ, ವಿದ್ಯುತ್ ಕಂಪನಿ, ಅರಣ್ಯ ಇಲಾಖೆಗಳ ಕೈಯಲ್ಲಿರುವುದೇ ಹೆಚ್ಚು.

ಈಗ ನಡೆದಿರುವ ಕ್ರಮಗಳು

ಸರಳ ಕೆಲಸಗಳಿಗೇ ಫಲ ಹೆಚ್ಚು. ಮೇಕೆ, ಕರುಗಳಿಗೆ ಮೇಲ್ಛಾವಣಿಯೂ ಗಟ್ಟಿ ಬಾಗಿಲೂ ಇರುವ ಕೊಟ್ಟಿಗೆ, ಏಕೆಂದರೆ ಮುಳ್ಳುಬೇಲಿಯನ್ನು ಚಿರತೆ ಹಾರಬಲ್ಲದು. ಮನೆ ಸುತ್ತ ಪೊದೆ ಸವರುವುದು. ಕೋಳಿ, ಮಾಂಸದಂಗಡಿಯ ತ್ಯಾಜ್ಯವನ್ನು ಕೆರೆಯ ಏರಿಯ ಮೇಲೆ ಸುರಿಯದಿರುವುದು: ತ್ಯಾಜ್ಯಕ್ಕೆ ನಾಯಿ, ನಾಯಿಗೆ ಚಿರತೆ. ಮನೆಗೊಂದು ಶೌಚಾಲಯ, ಪಂಪ್‌ಸೆಟ್‌ಗೆ ಹಗಲು ವಿದ್ಯುತ್, ಸಂಜೆ ಮಕ್ಕಳನ್ನು ಒಳಗೆ ಕರೆದುಕೊಳ್ಳುವುದು, ಕತ್ತಲಲ್ಲಿ ಹೋಗಲೇಬೇಕಾದರೆ ಜೊತೆಯಾಗಿ, ಬ್ಯಾಟರಿ ಹಿಡಿದು, ಸದ್ದು ಮಾಡುತ್ತ ಹೋಗುವುದು. ಮುಂಬಯಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ 2002–04ರಲ್ಲಿ ಸರಣಿ ಸಾವುಗಳಾಗಿದ್ದವು. ಅಲ್ಲಿ ಚಿರತೆ ಸ್ಥಳಾಂತರವನ್ನು ತಗ್ಗಿಸಿ, 2011ರಿಂದ ಅರಣ್ಯ ಇಲಾಖೆ, ನಾಗರಿಕರು, ಪತ್ರಕರ್ತರು ಒಟ್ಟಾಗಿ ಇಂಥದೇ ಕೆಲಸಗಳನ್ನು ಹಿಡಿದ ಮೇಲೆ ದಾಳಿಗಳು ಬಹಳ ಇಳಿದವು.

ಚಿರತೆಯ ನೆಲೆ ಉಳಿಸುವುದು ಇದರ ಇನ್ನೊಂದು ಪಾಲು. ತುಮಕೂರು ಜಿಲ್ಲೆಯಲ್ಲಿ ತಿಮ್ಲಾಪುರ ವನ್ಯಜೀವಿಧಾಮ 2016ರಲ್ಲಿ, ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣ ಚಿಂಕಾರ ವನ್ಯಜೀವಿಧಾಮ 2019ರಲ್ಲಿ ಘೋಷಣೆಯಾದವು. ಗುಬ್ಬಿ, ಕುಣಿಗಲ್ ಕಡೆಯ ಬಂಡೆಗುಡ್ಡಗಳಿಗೆ ಅಂಥ ರಕ್ಷಣೆ ಇಲ್ಲ. ಕಲ್ಲುಗಣಿ ಒಂದು ಗುಡ್ಡವನ್ನು ತಿಂದರೆ ಅಲ್ಲಿನ ಗವಿಯಲ್ಲಿ ಮರಿ ಸಾಕುತ್ತಿದ್ದ ಹೆಣ್ಣು ಚಿರತೆ ತೋಟಕ್ಕೆ ಇಳಿಯುತ್ತದೆ. ಗಣಿಗೆ ಪರವಾನಗಿ ಕೊಡುವ ಕಚೇರಿಗೂ ಬೋನು ಇಡುವ ಕಚೇರಿಗೂ ನಡುವೆ ಮಾತುಕತೆ ನಡೆಯಲೇಬೇಕಾದ ವಿಷಯ ಇದು.

ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನಲ್ಲಿ 2022ರ ಅಕ್ಟೋಬರ್‌ನಿಂದ 2023ರ ಜನವರಿಯವರೆಗೆ ನಾಲ್ವರು ಚಿರತೆಗೆ ಬಲಿಯಾದಾಗ ತುಮಕೂರಿನ ಪ್ರಶ್ನೆಗಳು ಮತ್ತೆ ಎದ್ದವು. ಅಲ್ಲಿ ಕಬ್ಬಿನ ಗದ್ದೆಗಳನ್ನು ಬೇಗ ಕಟಾವು ಮಾಡಿಸಲಾಯಿತು. ಕಾಡುಪ್ರಾಣಿಯಿಂದ ಸತ್ತವರ ಕುಟುಂಬಕ್ಕೆ ಪರಿಹಾರ 7.5 ಲಕ್ಷದಿಂದ 15 ಲಕ್ಷ ರೂಪಾಯಿಗೆ ಏರಿತು. 2023ರಲ್ಲಿ ಮೈಸೂರಿನಲ್ಲಿ ರಾಜ್ಯದ ಮೊದಲ ಚಿರತೆ ಕಾರ್ಯಪಡೆ ರಚನೆಯಾಯಿತು. 2022ರ ರಾಷ್ಟ್ರೀಯ ಅಂದಾಜಿನಲ್ಲಿ ಕರ್ನಾಟಕದ ಚಿರತೆಗಳು 1,879. ಈ ಅಂದಾಜು ಮುಖ್ಯವಾಗಿ ಹುಲಿ ಇರುವ ಕಾಡುಗಳಲ್ಲಿ ನಡೆಯುತ್ತದೆ. ಹೆಬ್ಬೂರಿನ ತೋಟಗಳಲ್ಲಿ, ಹುಲಿಯೂರುದುರ್ಗದ ಗುಡ್ಡಗಳಲ್ಲಿ ಓಡಾಡುವ ಚಿರತೆಗಳನ್ನು ಎಣಿಸಿ, ಚುಕ್ಕೆಗಳಿಂದ ಒಂದೊಂದನ್ನೂ ಗುರುತಿಸಿ ಕಡತ ಇಟ್ಟುಕೊಳ್ಳುವ ಕೆಲಸವನ್ನು ಅದರಿಂದ ಬೇರೆಯಾಗಿಯೇ ಮಾಡಬೇಕಾಗುತ್ತದೆ.